ಪುಟ ಅರವತ್ತೊಂದರ ಹೊಟ್ಟೆ

ವರ್ನಾ ರಾಟ್ಕೆಯ ಹೊಟ್ಟೆ ನಮ್ಮೂರು ಮಿಲ್ವಾಕಿಯಿಂದ ಟೋಕಿಯೋವರೆಗೆ ಹೆಸರುವಾಸಿ. ಹೀಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಅದೂ ಶುಕ್ರವಾರ ಕರಿದ ಮೀನಿನೂಟಕ್ಕೆ ಸಾಲಿನಲ್ಲಿ ನಿಂತಾಗ, ಹಿಂದೆ ಮುಂದೆ ಇದ್ದವರಿಗೆಲ್ಲ ಕೇಳಿಸುವ ಹಾಗೆ.

"ಯಾಕಪ್ಪ ಹಾಗ್ ನೋಡ್ತೀಯ? ನನ್ನ ಲಿವರ್ ನೋಡ್ಕೊಂಡು ಡಾಕ್ಟ್ರಾದೋರು ಸಾವಿರಾರು ಜನ ಇದಾರೆ. ಬೇಕಾದ್ರೆ ಲೊರೆಟಾನ ಕೇಳು."

ಲೊರೆಟಾ ಎಂದರೆ ನಾನು. ಲೊರೆಟಾ ಮ್ರೋಜ್. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಟೈಪು ಮಾಡಿದವಳು. ವರ್ನಾ ಅದೇ ವಿಭಾಗದ ಸಿ.ಟಿ. ಸ್ಕ್ಯಾನ್ ಟೆಕ್ನೀಷಿಯನ್. ರೋಗಿಗಳನ್ನು ಮೇಜಿನ ಮೇಲೆ ಮಲಗಿಸಿ, "ಉಸಿರು ಹಿಡೀರಿ, ಹಾಂ, ಈಗ ಬಿಡಿ" ಎಂದು ದಿನಕ್ಕೆ ನೂರು ಸಲ ಹೇಳುವುದು ಅವಳ ಕೆಲಸ. ದಿನಾ ಬೆಳಿಗ್ಗೆ ಏಳೂವರೆಗೆ ಕಾಫಿ ಲೋಟ ಹಿಡಿದುಕೊಂಡು ಬಂದು ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ನಾನು ಟಪಾಲು ಒಡೆಯುತ್ತಿದ್ದೆ, ಅವಳು ಗಂಡ ಲೆರಾಯ್‌ನ ಗೊರಕೆಯಿಂದ ಹಿಡಿದು ಅಧ್ಯಕ್ಷರ ಭಾಷಣದವರೆಗೆ ಎಲ್ಲವನ್ನೂ ಬೈಯುತ್ತಿದ್ದಳು. ನನಗೆ ಅಕ್ಕತಂಗಿಯರಿಲ್ಲ. ಆ ಜಾಗದಲ್ಲಿ ಅವಳಿದ್ದಳು.

ಹೊಟ್ಟೆಯ ಕತೆ ಶುರುವಾಗಿದ್ದು ಎಂಬತ್ತಮೂರರಲ್ಲಿ. ಆಗ ಸಿ.ಟಿ. ಯಂತ್ರ ಯಾರಿಗೆ ಸೇರಬೇಕು ಎಂದು ನಮ್ಮ ವಿಭಾಗದ ಡಾಕ್ಟರುಗಳಲ್ಲಿ ದೊಡ್ಡ ಜಗಳ. ತಲೆ ನೋಡುವವರು, ಯಂತ್ರ ಬಂದಿದ್ದೇ ತಲೆಗಾಗಿ, ಹಾಗಾಗಿ ನಮ್ಮದು ಎಂದರು. ಎದೆ ನೋಡುವವರು ಮುಖ ಊದಿಸಿಕೊಂಡರು. ನಮ್ಮ ಡಾಕ್ಟರ್ ಹಾಲ್ವರ್ಸನ್ ಲಿವರ್ ಮತ್ತು ಕರುಳಿನ ತಜ್ಞರು. "ಹೊಟ್ಟೆ ಒಳಗಿರೋದೆಲ್ಲ ನನಗೆ ಸೇರಿದ್ದು" ಎಂದು ಸಭೆಯಲ್ಲೇ ಹೇಳಿಬಿಟ್ಟರು. ಪಡಸಾಲೆಯ ಕೊನೆಯ ಕೋಣೆಯಲ್ಲಿದ್ದ ಕಿಡ್ನಿ ತಜ್ಞ ಡಾಕ್ಟರ್ ಪಾವ್ಲಿಕ್ ಅಂದಿನಿಂದ ಅವರ ಜೊತೆ ಮಾತು ಬಿಟ್ಟರು. ಇಬ್ಬರ ನಡುವೆ ನಲವತ್ತು ಹೆಜ್ಜೆ ದೂರ. ಏನಾದರೂ ತಿಳಿಸಬೇಕಾದರೆ ಚೀಟಿ ಬರೆದು ನನ್ನ ಕೈಗೆ ಕೊಡುತ್ತಿದ್ದರು. ದೊಡ್ಡ ಓದು ಓದಿದವರು ಹೀಗಾಡುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು, ಆದರೂ ಚೀಟಿ ಒಯ್ಯುತ್ತಿದ್ದೆ.

ಜಗಳಕ್ಕೆ ತೆರೆ ಎಳೆಯಲು ಹಾಲ್ವರ್ಸನ್ ಒಂದು ಪುಸ್ತಕ ಬರೆಯಲು ಕೂತರು. ಹೊಟ್ಟೆಯ ಸಿ.ಟಿ. ಬಗ್ಗೆ ಅಷ್ಟು ದಪ್ಪದ ಪುಸ್ತಕ ಆಗ ಬೇರೆ ಇರಲಿಲ್ಲ. ಕಿಡ್ನಿಯ ಅಧ್ಯಾಯವನ್ನು ಪಾವ್ಲಿಕ್ ಅವರಿಂದ ಬರೆಸಿ ಎಂದು ಪ್ರಕಾಶಕರು ಸೂಚಿಸಿದರು. ಹಾಲ್ವರ್ಸನ್ ಅದನ್ನೂ ತಾವೇ ಬರೆದರು. ಕರಡನ್ನು ಅವರಿಗೆ ತೋರಿಸಲೂ ಇಲ್ಲ.

ರೋಗದ ಚಿತ್ರಗಳು ಬೀರುಗಟ್ಟಲೆ ಇದ್ದವು. ಸಮಸ್ಯೆಯಾಗಿದ್ದು ಆರೋಗ್ಯದ ಚಿತ್ರಕ್ಕೆ. ಕೆಟ್ಟದ್ದನ್ನು ತೋರಿಸುವ ಮೊದಲು ಸರಿ ಇರುವುದು ಹೇಗಿರುತ್ತದೆಂದು ತೋರಿಸಬೇಕಲ್ಲ? ಗಟ್ಟಿಮುಟ್ಟಾಗಿರುವವರು ಸ್ಕ್ಯಾನಿಗೆ ಯಾಕೆ ಬರುತ್ತಾರೆ? ಅದಕ್ಕೆ ಆ ಕಾಲದಲ್ಲಿ ಎಲ್ಲ ಕಡೆಯೂ ಮಾಡುತ್ತಿದ್ದಂತೆ ನಾವೂ ಮಾಡಿದೆವು. ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರ ಖಾಲಿ ಇದ್ದಾಗ ಸಿಬ್ಬಂದಿಯೇ ಒಬ್ಬೊಬ್ಬರಾಗಿ ಮಲಗುವುದು. ರೋಗಿಯಲ್ಲವಾದ್ದರಿಂದ ಹೆಸರಿಲ್ಲ, ನಂಬರಿಲ್ಲ, ವರದಿಯೂ ಇಲ್ಲ. ಯಂತ್ರದಲ್ಲಿ ಹೆಸರಿನ ಜಾಗದಲ್ಲಿ "ಸಹಜ ಒಂದು", "ಸಹಜ ಎರಡು" ಎಂದು ಒತ್ತುತ್ತಿದ್ದರು.

ತೆಳ್ಳಗಿದ್ದವರ ಚಿತ್ರ ಒಂದೂ ಚೆನ್ನಾಗಿ ಬರಲಿಲ್ಲ. ಹೊಟ್ಟೆಯಲ್ಲಿ ಕೊಬ್ಬಿದ್ದರೆ ಅಂಗಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಕಾಣುತ್ತವಂತೆ. ಹಾಲ್ವರ್ಸನ್ ವರ್ನಾಳನ್ನು ಮೇಲಿಂದ ಕೆಳಗೆ ನೋಡಿ ಸಂಕೋಚದಿಂದ ಕೆಮ್ಮಿದರು.

"ವರ್ನಾ, ನಿಮ್ಮಲ್ಲಿ... ಅಂದ್ರೆ, ನಮಗೆ ಬೇಕಾದಷ್ಟೇ ಇದೆ."

"ನನ್ನ ಕೊಬ್ಬನ್ನ ಹೊಗಳಿದ ಮೊದಲನೇ ಗಂಡಸು ನೀವು ಡಾಕ್ಟ್ರೇ" ಎಂದು ವರ್ನಾ ಬೂಟು ಬಿಚ್ಚಿ ಮೇಜು ಹತ್ತಿದಳು. "ಲೆರಾಯ್‌ಗೆ ಹೇಳ್ತೀನಿ, ಕಲೀಲಿ."

ಚಿತ್ರ ನಿಜಕ್ಕೂ ಚೆಂದ ಬಂತು. ಅದರ ಮೇಲೆ ಅಕ್ಷರಗಳನ್ನು ಅಂಟಿಸಿದವಳು ನಾನು. ಹಾಳೆಯ ಮೇಲಿನ ಅಕ್ಷರವನ್ನು ಪಟದ ಮೇಲಿಟ್ಟು ಕಡ್ಡಿಯಿಂದ ಉಜ್ಜಿದರೆ ಕೂರುತ್ತಿತ್ತು. ಲಿವರಿಗೆ ಒಂದು, ಗುಲ್ಮಕ್ಕೆ ಒಂದು, ಎರಡು ಕಿಡ್ನಿಗೆ ಎರಡು. ಭೂತಗನ್ನಡಿ ಹಿಡಿದು, ಅಕ್ಷರ ಸೊಟ್ಟಗಾಗದಂತೆ, ಉಸಿರು ಬಿಗಿಹಿಡಿದು ಉಜ್ಜಿದೆ. ಎಂಬತ್ತೈದರಲ್ಲಿ ಪುಸ್ತಕ ಬಂತು. ಪುಟ ಅರವತ್ತೊಂದು, ಚಿತ್ರ 4.2. ಅಡಿಬರಹ ಹೀಗಿತ್ತು: "ಆರೋಗ್ಯವಂತ ಮಹಿಳೆ, ನಲವತ್ತಾರು ವರ್ಷ. ಎಲ್ಲ ಅಂಗಗಳೂ ಸಹಜ." ಹೊರಗಿನವರಿಗೆ ಅದು ಯಾರೋ ಒಬ್ಬ ಮಹಿಳೆ. ಅವಳ ಹೆಸರು ಗೊತ್ತಿದ್ದದ್ದು ನಮ್ಮ ವಿಭಾಗದ ನಾಲ್ಕೈದು ಜನಕ್ಕೆ, ಮತ್ತೆ ಮೀನಿನೂಟದ ಸಾಲಿಗೆ.

ಪುಸ್ತಕ ಚೆನ್ನಾಗಿ ಹೋಯಿತು. ಓದುಗರ ಕಾಗದಗಳು ಬರತೊಡಗಿದವು. ಮುಕ್ಕಾಲುಪಾಲು ತಪ್ಪು ಹುಡುಕುವವರದು: ಇಲ್ಲಿ ಕಾಗುಣಿತ ತಪ್ಪಿದೆ, ಅಲ್ಲಿ ಎಡಬಲ ಅದಲುಬದಲಾಗಿದೆ. ಹಾಲ್ವರ್ಸನ್ ಮೊದಲ ವಾರವೇ ಬೇಸತ್ತರು. "ಲೊರೆಟಾ, ಇವನ್ನೆಲ್ಲ ನನಗೆ ತೋರಿಸ್ಬೇಡಿ. ಎರಡನೇ ಆವೃತ್ತಿ ಮಾಡುವಾಗ ಒಟ್ಟಿಗೆ ನೋಡೋಣ." ಅಲ್ಲಿಂದ ಮುಂದೆ ಕಾಗದ ಬಂದರೆ ನಾನು ತಾರೀಕಿನ ಮುದ್ರೆ ಒತ್ತುವುದು, ಮೇಲೆ ಪೆನ್ಸಿಲಿನಲ್ಲಿ ಚಿತ್ರದ ಸಂಖ್ಯೆ ಬರೆಯುವುದು, "ನಿಮ್ಮ ಸಲಹೆಯನ್ನು ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತೇವೆ" ಎಂಬ ಅಚ್ಚಾದ ಕಾರ್ಡು ಕಳಿಸುವುದು, ಕಾಗದವನ್ನು ಹಸಿರು ಫೈಲಿಗೆ ಸೇರಿಸುವುದು. ಒಂದು ಕಾಗದಕ್ಕೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ಅಷ್ಟು ಚುರುಕಾಗಿದ್ದೇನೆಂದು ನನಗೆ ಜಂಬ ಬೇರೆ.

ತೊಂಬತ್ತರ ಅಕ್ಟೋಬರಿನಲ್ಲಿ ವರ್ನಾ ಕುಂಟತೊಡಗಿದಳು. ಗುರುವಾರದ, ದಪ್ಪ ಚೆಂಡು ಉರುಳಿಸುವ ಬೌಲಿಂಗ್ ಆಟದಲ್ಲಿ ಸೊಂಟ ಉಳುಕಿರಬೇಕು ಎಂದುಕೊಂಡಳು. ಬಿಸಿನೀರಿನ ಚೀಲ ಇಟ್ಟುಕೊಂಡಳು, ಲೆರಾಯ್‌ನ ಕೈಯಲ್ಲಿ ತಿಕ್ಕಿಸಿಕೊಂಡಳು. ಹೋಗಲಿಲ್ಲ. ಕೊನೆಗೆ ಇಷ್ಟು ವರ್ಷ ಬೇರೆಯವರನ್ನು ಮಲಗಿಸುತ್ತಿದ್ದ ಮೇಜಿನ ಮೇಲೆ ಅವಳನ್ನೇ ಮಲಗಿಸಬೇಕಾಯಿತು. ಈ ಸಲ ಹೆಸರಿತ್ತು, ನಂಬರಿತ್ತು. ವರದಿ ಬರೆದವರು ಪಾವ್ಲಿಕ್. ಟೈಪು ಮಾಡಿದವಳು ನಾನು. ಎಡ ಕಿಡ್ನಿಯಲ್ಲಿ ಕಿತ್ತಳೆ ಗಾತ್ರದ ಗೆಡ್ಡೆ. ಸೊಂಟದ ಎಲುಬಿಗೆ ಇಳಿದಿದೆ, ಶ್ವಾಸಕೋಶಕ್ಕೂ ಹರಡಿದೆ. ಮೂರು ಸಲ ತಪ್ಪು ಹೊಡೆದು ನಾಲ್ಕನೇ ಸಲ ಹಾಳೆ ಸರಿಯಾಗಿ ಬಂತು.

ಇದಾದ ಒಂಬತ್ತನೇ ದಿನಕ್ಕೆ ಎರಡನೇ ಆವೃತ್ತಿಗೆ ಸಿದ್ಧರಾಗಿ ಎಂದು ಪ್ರಕಾಶಕರು ಬರೆದರು. ನಾನು ಹಸಿರು ಫೈಲನ್ನು ತೆಗೆದು ಕಾಗದಗಳನ್ನು ಅಧ್ಯಾಯವಾರು ಜೋಡಿಸಲು ಕೂತೆ. ನಾಲ್ಕನೇ ಅಧ್ಯಾಯಕ್ಕೆ ಏಳು ಕಾಗದಗಳಿದ್ದವು. ಐದನೆಯದು ಕೆನಡಾದ ಸಸ್ಕಟೂನ್‌ನಿಂದ ಬಂದದ್ದು, ಒಕ್ಸಾನಾ ಬೊಯ್ಚುಕ್ ಎಂಬ, ಇನ್ನೂ ತರಬೇತಿಯಲ್ಲಿದ್ದ ಡಾಕ್ಟರದು.

"ಪುಟ 61, ಚಿತ್ರ 4.2 ಕುರಿತು. ನಿಮ್ಮ ಪುಸ್ತಕದಿಂದ ಬಹಳ ಕಲಿತಿದ್ದೇನೆ. ಈ ಚಿತ್ರದಲ್ಲಿ ಎಡ ಕಿಡ್ನಿಯ ಹೊರ ಅಂಚಿನಲ್ಲಿ, ಅಕ್ಷರದ ಪಕ್ಕದಲ್ಲೇ, ಒಂದು ಸಣ್ಣ ಉಬ್ಬು ಇರುವಂತೆ ನನಗೆ ಕಾಣುತ್ತದೆ. ನಾನಿನ್ನೂ ಕಲಿಯುತ್ತಿರುವವಳು, ತಪ್ಪಾಗಿದ್ದರೆ ಮನ್ನಿಸಿ. ಈ ಮಹಿಳೆಯನ್ನು ಮತ್ತೊಮ್ಮೆ ಪರೀಕ್ಷಿಸಲಾಗಿದೆಯೇ?"

ಮೇಲೆ ನನ್ನ ಮುದ್ರೆ: ಏಪ್ರಿಲ್ 14, 1987. ನನ್ನ ಪೆನ್ಸಿಲಿನ ಬರಹ: 4.2. ಕೆಳಗೆ ಕಾರ್ಡು ಕಳಿಸಿದ್ದಕ್ಕೆ ನಾನು ಹಾಕುವ ಗುರುತು.

ಮೊದಲ ಸಾಲನ್ನು ಓದಿದ್ದೆ, ಅದಂತೂ ಖಾತ್ರಿ, ಇಲ್ಲದಿದ್ದರೆ ಸಂಖ್ಯೆ ಬರೆಯಲಾಗುತ್ತಿರಲಿಲ್ಲ. ಕೊನೆಯ ಸಾಲನ್ನು ಓದಿದ್ದೆನೇ? ಈವರೆಗೆ ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೋ. ನೆನಪಿಲ್ಲ. ಓದಿಯೂ ಫೈಲಿಗೆ ಹಾಕಿದ್ದರೆ ಅದೆಂಥ ಹೆಂಗಸು ನಾನು? ಓದದೆ ಹಾಕಿದ್ದರೂ, 4.2 ಎಂದು ಬರೆಯುವಾಗ ಅದು ಯಾರ ಹೊಟ್ಟೆ ಎಂದು ನನ್ನ ಕೈಗೆ ಗೊತ್ತಿರಲಿಲ್ಲವೇ?

ಕಾಗದವನ್ನೂ ಪುಸ್ತಕವನ್ನೂ ಹಾಲ್ವರ್ಸನ್ ಮುಂದೆ ಇಟ್ಟೆ. ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದರು. ಕನ್ನಡಕ ತೆಗೆದು, ಭೂತಗನ್ನಡಿ ಹಿಡಿದು, ಬಹಳ ಹೊತ್ತು ನೋಡಿದರು.

"ಇದೆ" ಎಂದರು.

"ಆಗ್ಲೇ ತೆಗೆದಿದ್ರೆ?"

"ಎಂಬತ್ಮೂರರಲ್ಲಿ? ಹತ್ತು ದಿನ ಆಸ್ಪತ್ರೇಲಿದ್ದು ಮನೆಗೆ ಹೋಗಿರೋರು."

"ಈ ಕಾಗದ ಬಂದಾಗ?"

ಅವರು ಕಾಗದದ ಮೇಲಿನ ತಾರೀಕು ನೋಡಿದರು. "ಆಗ್ಲೂ ತೆಗೀಬಹುದಿತ್ತು. ಬಹುಶಃ." ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತರು. "ಈ ಚಿತ್ರಾನ ನೂರು ಸಲ ನೋಡಿದೀನಿ ಲೊರೆಟಾ. ಅಂಚು ಚೆನ್ನಾಗಿ ಮೂಡಿದ್ಯಾ, ಕಪ್ಪುಬಿಳುಪು ಹದವಾಗಿದ್ಯಾ, ಅಚ್ಚಲ್ಲಿ ಮಸುಕಾಗುತ್ತಾ ಅಂತೆಲ್ಲ ನೋಡ್ದೆ. ರೋಗ ಇದ್ಯಾ ಅಂತ ಒಂದೇ ಒಂದ್ಸಲ ನೋಡ್ಲಿಲ್ಲ. ಸಹಜ ಅಂತ ನಾನೇ ಬರೆದಿದ್ನಲ್ಲ."

"ಪಾವ್ಲಿಕ್ ನೋಡಿದ್ರೆ ಕಾಣ್ತಿತ್ತಾ?"

"ಕಾಣ್ತಿತ್ತು" ಎಂದರು. ಮುಖ ಕೆಂಪಗಾಗಿತ್ತು. ಪುಸ್ತಕ ಮುಚ್ಚಿ ತಗ್ಗಿದ ದನಿಯಲ್ಲಿ ಕೇಳಿದರು, "ಈ ಕಾಗದ ಇನ್ಯಾರು ನೋಡಿದಾರೆ?"

"ಬರೆದೋರು, ನಾನು, ನೀವು."

"ಹಾಗಾದ್ರೆ ಇಲ್ಲಿಗೇ ಇರ್ಲಿ. ಎರಡನೇ ಆವೃತ್ತಿಗೆ ಬೇರೆ ಚಿತ್ರ ಹಾಕೋಣ. ಈಗ ಹೇಳಿದ್ರೆ ವರ್ನಾಗೆ ಏನು ಸಿಗುತ್ತೆ? ಇರೋ ನಾಲ್ಕು ದಿನ ನೆಮ್ಮದಿಯಾಗಿರ್ಲಿ ಬಿಡಿ."

"ಯಾರ ನೆಮ್ಮದಿ ಡಾಕ್ಟ್ರೇ?" ಎಂದೆ. ಏರುದನಿಯಲ್ಲೇ ಎಂದೆ. ಆದರೆ ಕಾಗದವನ್ನು ಮಡಿಸಿ ನನ್ನ ಕೈಚೀಲಕ್ಕೆ ಹಾಕಿಕೊಂಡಾಗ, ಅವರು ಹೇಳಿದ ದಾರಿ ನನಗೂ ಅನುಕೂಲವಾದದ್ದು ಎಂದು ನನಗೆ ಗೊತ್ತಿತ್ತು.

ಎರಡು ವಾರ ಆ ಕಾಗದ ಚೀಲದಲ್ಲೇ ಇತ್ತು. ಕೆಲಸ ಮುಗಿಸಿ ದಿನಾ ಸಂಜೆ ವರ್ನಾಳ ಮನೆಗೆ ಹೋಗುತ್ತಿದ್ದೆ. ಕೋಳಿ ಸಾರು, ಬಾರ್ಲಿ ಸಾರು, ಅವಳು ತಿನ್ನದ ಸೇಬಿನ ಕೇಕು. ಬಿಯರ್ ಕಾರ್ಖಾನೆಯಿಂದ ನಿವೃತ್ತನಾದ ಲೆರಾಯ್ ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದು ಕಿಟಕಿಯ ಪಕ್ಕ ಹಾಕಿದ್ದ. ಹೇಳಬೇಕೆಂದು ಹೋಗುವುದು, ಹೇಳದೆ ಬರುವುದು. "ಏನೇ, ಬರ್ತಾ ಬರ್ತಾ ನೀನೇ ರೋಗಿ ಥರ ಕಾಣ್ತೀಯ, ಮಲಕ್ಕೋ ಬಾ ಇಲ್ಲಿ, ನಾನೇ ಎದ್ದು ನಿನಗೆ ಸಾರು ಮಾಡ್ತೀನಿ" ಎಂದು ವರ್ನಾ ರೇಗಿಸುತ್ತಿದ್ದಳು.

ಒಂದು ಭಾನುವಾರ ಅವಳಿಗೆ ಚೆನ್ನಾಗಿತ್ತು. ಮಧ್ಯಾಹ್ನ ಒಂದು ತಟ್ಟೆ ಪೂರ್ತಿ ಊಟ ಮಾಡಿದ್ದಳು. ಆಸ್ಪತ್ರೆಯಿಂದ ಪುಸ್ತಕ ತಂದುಕೊಡು ಎಂದು ಹಿಂದಿನ ದಿನವೇ ಫೋನು ಮಾಡಿ ಹೇಳಿದ್ದಳು. ತರದಿರಲು ನನಗೆ ನೆಪ ಹೊಳೆಯಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಅರವತ್ತೊಂದನೇ ಪುಟ ತೆರೆದಳು.

"ಬಾ ಲೆರಾಯ್, ನೋಡು. ಎಂಬತ್ಮೂರರಲ್ಲಿ ಹೆಂಗಿದ್ದೆ ನಾನು. ಎಲ್ಲಾ ಅಚ್ಚುಕಟ್ಟು. ಏನೂ ಇರ್ಲಿಲ್ಲ ಆಗ." ಬೆರಳಿನಿಂದ ಅಡಿಬರಹವನ್ನು ಸವರಿದಳು. ಆಮೇಲೆ ದನಿ ಬದಲಾಯಿತು. "ಅಂದ್ರೆ ಇದು ಆಮೇಲೆ ಬಂದಿದ್ದು. ತಪ್ಪು ನನ್ನದೇ ಕಣೆ ಲೊರೆಟಾ. ದಿನಾ ಇಪ್ಪತ್ತು ಜನಾನ ಆ ಮೇಜ್ ಹತ್ತಿಸ್ತಿದ್ದೆ. ನಾಲ್ಕು ವರ್ಷಕ್ಕೊಂದ್ಸಲ ನಾನೂ ಹತ್ತಿ ನೋಡ್ಕೊಂಡಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು? ಸೋಮಾರಿತನ. ನನ್ನ ಕೊಬ್ಬು, ಬೇರೇನಲ್ಲ. ಈ ಮುದುಕನ್ನ ಒಂಟಿ ಮಾಡ್ಬಿಟ್ಟು ಹೋಗ್ತಿದೀನಿ ನೋಡು, ನನ್ನ ಕೈಯಾರೆ."

ಲೆರಾಯ್ ಅವಳ ಕಾಲಿನ ಮೇಲೆ ಕೈಯಿಟ್ಟು, "ಸುಮ್ನಿರು" ಎಂದ.

ಅವಳು ಸಾಯುತ್ತಾಳೆ ಎಂಬುದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ತಪ್ಪು ತನ್ನದೆಂದು ಅಂದುಕೊಂಡು ಸಾಯುವುದನ್ನು ನುಂಗಲಾಗಲಿಲ್ಲ. ಚೀಲದಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟೆ.

ಅವಳು ಎರಡು ಸಲ ಓದಿದಳು. ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡು ಪುಸ್ತಕದ ಮೇಲೆ ಬಗ್ಗಿದಳು. ನಾನು ತೋರಿಸಬೇಕಾಗಿ ಬರಲಿಲ್ಲ. ಸಾವಿರಾರು ಹೊಟ್ಟೆಗಳನ್ನು ಕಂಡ ಕಣ್ಣಿಗೆ, ಎಲ್ಲಿ ನೋಡಬೇಕೆಂದು ತಿಳಿದ ಮೇಲೆ ಒಂದು ಕ್ಷಣವೂ ಹಿಡಿಯಲಿಲ್ಲ. ಉಗುರಿನಿಂದ ಆ ಜಾಗವನ್ನು ಒತ್ತಿ ಹಿಡಿದಳು.

"ಈ ಪುಟಾನ ಎಷ್ಟು ಜನಕ್ಕೆ ತೋರ್ಸಿದೀನಿ" ಎಂದಳು. ಕಾಗದವನ್ನು ಮತ್ತೆ ಎತ್ತಿಕೊಂಡಳು. "ಇದು ನಿನ್ನ ಮುದ್ರೆ."

"ಹೂಂ."

"ಏಪ್ರಿಲ್ ಹದಿನಾಲ್ಕು. ಬೆಳಿಗ್ಗೆ ಟಪಾಲಲ್ಲಿ ಬಂತಾ?"

"ಬೆಳಿಗ್ಗೇನೇ."

"ಹಾಗಾದ್ರೆ ನಾನು ಅಲ್ಲೇ ಇದ್ದೆ. ನಿನ್ನ ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ದೆ."

ನನಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ದಿನ ಫೈಲು, ಮುದ್ರೆ, ಕಾರ್ಡು ಎಂದು ಒದ್ದಾಡಿದ್ದೆ. ಪಕ್ಕದ ಕುರ್ಚಿಯಲ್ಲಿ ಅವಳಿದ್ದದ್ದು, ನಾನು ತಲೆಯೆತ್ತಿ "ಏ ವರ್ನಾ, ನಿನ್ನ ಹೊಟ್ಟೆ ಬಗ್ಗೆ ಯಾರೋ ಬರ್ದಿದಾರೆ ನೋಡೇ" ಎಂದಿದ್ದರೆ ಸಾಕಾಗುತ್ತಿತ್ತು ಎಂಬುದು ಹೊಳೆದಿರಲಿಲ್ಲ. ಬಾಯಿ ತೆರೆದೆ. ಅಳು ಬಂತು.

"ಅಳ್ಬೇಡ. ನಿನ್ನ ಅಳು ನೋಡೋ ತ್ರಾಣ ನನಗಿಲ್ಲ" ಎಂದಳು. "ಬರೆದೋಳಿಗೆ ಉತ್ತರ ಬರ್ದ್ಯಾ? ಕಾರ್ಡಲ್ಲ, ಉತ್ತರ."

"ಇಲ್ಲ."

"ಬರಿ. ಅವಳೊಬ್ಳೇ ಸರಿಯಾಗಿ ನೋಡಿದ್ದು. ಈಗ ಮನೆಗೆ ಹೋಗು ಲೊರೆಟಾ. ನಾಳೆ ಬರ್ಬೇಡ."

ಬಾಗಿಲವರೆಗೆ ಲೆರಾಯ್ ಬಂದ. ಇಪ್ಪತ್ತು ವರ್ಷದಲ್ಲಿ ಅವನು ನನ್ನೊಡನೆ ಗಡಸಾಗಿ ಮಾತಾಡಿದ್ದು ಅದೊಂದೇ ಸಲ. "ಯಾಕೆ ಹೇಳ್ದೆ? ಇವತ್ತು ಚೆನ್ನಾಗಿದ್ಲು. ಊಟ ಮಾಡಿದ್ಲು." ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡ.

ಸಸ್ಕಟೂನ್‌ಗೆ ಬರೆದೆ. ನೀವು ಕಂಡದ್ದು ನಿಜ, ತಡವಾಗಿದ್ದು ನಮ್ಮಿಂದ ಎಂದು ಮೂರು ಸಾಲು. ಮರುಟಪಾಲು ಬರಲಿಲ್ಲ. ಏನೆಂದು ಬರೆದಾರು ಪಾಪ. ಪ್ರಕಾಶಕರಿಗೆ ಹೋಗುವ ತಿದ್ದುಪಡಿಯ ಪಟ್ಟಿಯಲ್ಲಿ 4.2 ಅನ್ನು "ಬದಲಿಸುವುದು" ಎಂದಷ್ಟೇ ಹಾಲ್ವರ್ಸನ್ ಬರೆದಿದ್ದರು. ನಾನು ಅದನ್ನು ಹಾಗೆ ಟೈಪು ಮಾಡಲಿಲ್ಲ. "ಈ ಚಿತ್ರ ಸಹಜವಲ್ಲ, ಎಡ ಕಿಡ್ನಿಯಲ್ಲಿ ಗೆಡ್ಡೆಯಿದೆ, ಮೊದಲ ಆವೃತ್ತಿಯ ತಪ್ಪು ನಮ್ಮದು" ಎಂದು ಹೊಡೆದು, ಸಹಿಗೆ ಅವರ ಮುಂದಿಟ್ಟೆ. ಹಾಲ್ವರ್ಸನ್ ಅದನ್ನು ಓದಿ ನನ್ನ ಮುಖ ನೋಡಿದರು. ಸಹಿ ಹಾಕಿದರು. ಮಧ್ಯಾಹ್ನ, ಸಹಜ ಎಂದು ಗುರುತು ಹಾಕಿದ್ದ ಹಳೆಯ ಪಟಗಳ ಕಟ್ಟನ್ನು ತಾವೇ ಎತ್ತಿಕೊಂಡು ಪಡಸಾಲೆಯ ಕೊನೆಗೆ, ಪಾವ್ಲಿಕ್ ಅವರ ಕೋಣೆಗೆ ನಡೆದರು. ಏಳು ವರ್ಷವಾಗಿತ್ತು ಆ ನಲವತ್ತು ಹೆಜ್ಜೆ ಇಟ್ಟು. ಅದರಿಂದ ಈಗ ಯಾರಿಗೇನು ಉಪಯೋಗ ಎಂದು ಕೂಗಬೇಕೆನಿಸಿತು ನನಗೆ.

ಮೂರು ಗುರುವಾರದ ಬೌಲಿಂಗ್ ಕಳೆಯಿತು, ಮೂರು ಶುಕ್ರವಾರದ ಮೀನಿನೂಟವೂ. ಬೆಳಿಗ್ಗೆ ಏಳೂವರೆಗೆ ಪಕ್ಕದ ಕುರ್ಚಿಯನ್ನು ನೋಡಲಾಗದೆ ಅದನ್ನು ಸ್ಟೋರಿಗೆ ಹಾಕಿಸಿದೆ. ಡಿಸೆಂಬರಿನ ಎರಡನೇ ವಾರ, ಹಿಮ ಬಿದ್ದು ರಸ್ತೆಯೆಲ್ಲ ಕೆಸರಾಗಿದ್ದ ದಿನ, ಲೆರಾಯ್ ಆಫೀಸಿಗೆ ಫೋನು ಮಾಡಿದ.

"ಬರಬೇಕಂತೆ" ಎಂದಷ್ಟೇ ಹೇಳಿದ.

ದಾರಿಯುದ್ದಕ್ಕೂ ಏನು ಯೋಚಿಸಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕ್ಷಮಿಸಲು ಕರೆಸಿದ್ದಾಳೆ ಎಂದುಕೊಂಡೆ. ಅವಳು ಹೇಳುವ ಮಾತನ್ನು, ನಾನು ಆಡುವ ಮಾತನ್ನು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡೆ. ಸಾಯುತ್ತಿದ್ದವಳು ಅವಳು, ಸಮಾಧಾನ ಬೇಕಾಗಿದ್ದದ್ದು ನನಗೆ.

ಹಾಸಿಗೆಯಲ್ಲಿದ್ದವಳನ್ನು ಗುರುತು ಹಿಡಿಯುವುದು ಕಷ್ಟವಾಯಿತು. ಆ ಮೈಯೆಲ್ಲ ಎಲ್ಲಿ ಹೋಗಿತ್ತೋ. ಕೈ ಎರಡು ಕಡ್ಡಿ. ಕಣ್ಣು ಮಾತ್ರ ಅವಳದೇ. ನಾನು ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತೆ.

"ನಿನ್ನ ಮೇಲೆ ಸಿಟ್ಟು ಹೋಗಿಲ್ಲ" ಎಂದಳು ವರ್ನಾ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು. "ಹೋಗುತ್ತೇನೋ ಅಂತ ಕಾದೆ. ಹೋಗ್ಲಿಲ್ಲ. ಹೋಗೋದೂ ಇಲ್ಲ."

"ಸರಿ" ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ.

"ಆದ್ರೆ ಭಯ ಆಗುತ್ತೆ ಕಣೆ. ಲೆರಾಯ್ ಮುಂದೆ ಹೇಳೋಕಾಗಲ್ಲ, ಅವನು ಅಳ್ತಾನೆ. ಪಾದ್ರಿ ಹತ್ರ ಹೇಳಿದ್ರೆ ಸ್ವರ್ಗದ ಕತೆ ಹೇಳ್ತಾರೆ. ಸಿಟ್ಟಿಗಿಂತ ಭಯ ಜಾಸ್ತಿ ಆಗಿದೆ ಈಗ." ಹೊದಿಕೆಯ ಮೇಲೆ ಕೈಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಕೂತ್ಕೋ."

ಕೂತೆ. ಅವಳು ನನ್ನ ಮುಖ ನೋಡಲಿಲ್ಲ, ಕಿಟಕಿಯ ಕಡೆ ತಿರುಗಿಕೊಂಡಳು. ಆದರೆ ಕೈಯನ್ನು ಹಿಡಿದಳು, ನೋಯುವಷ್ಟು ಬಿಗಿಯಾಗಿ. ಹನ್ನೊಂದು ದಿನ ಹಾಗೆ ಹೋಗಿ ಕೂತೆ. ನಾನು ಕ್ಷಮಿಸು ಎನ್ನಲಿಲ್ಲ, ಅವಳು ಕ್ಷಮಿಸಿದೆ ಎನ್ನಲಿಲ್ಲ. ಕೊನೆಯ ದಿನ ಮಧ್ಯಾಹ್ನ ಆ ಹಿಡಿತ ಸಡಿಲವಾಯಿತು, ಲೆರಾಯ್‌ನನ್ನು ಕೂಗಿದೆ.